ಒಂದು ಕ್ಯಾಮೆರಾ, ಎರಡು ತಲೆ

ನನ್ನ ಕ್ಯಾಮೆರಾದ ಮುಚ್ಚಳದ ಕೀಲಿನ ಸಂದಿಯಲ್ಲಿ ಒಂದು ಚೂರು ಕುಂಕುಮ ಕೂತಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಿದ್ದೇನೆ, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದ್ದೇನೆ, ಸೂಜಿಯ ತುದಿಯಿಂದ ಕೆದಕಿದ್ದೇನೆ. ಹೋಯಿತು ಎಂದುಕೊಂಡು ಬೀರುವಿನಲ್ಲಿಟ್ಟರೆ ಮುಂದಿನ ಸಲ ತೆಗೆಯುವಾಗ ಅದು ಅಲ್ಲಿಯೇ ಇರುತ್ತದೆ, ಬಾಡಿಗೆ ಮನೆ ಖಾಲಿ ಮಾಡಲೊಲ್ಲದವರ ಹಾಗೆ.

ಬೇರೆಯವರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ನಾನು ಪೀಣ್ಯದ ಒಂದು ಸಣ್ಣ ಗೇರ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುವವಳು. ಕೂದಲಿಗಿಂತ ತೆಳ್ಳನೆಯ ತಪ್ಪನ್ನು ಹುಡುಕಿ ಹಿಡಿದು, ಆ ಗೇರಿನ ಮೇಲೆ ಕೆಂಪು ಬಣ್ಣದ ಚುಕ್ಕೆಯಿಟ್ಟು ಪಕ್ಕಕ್ಕೆ ಸರಿಸುವುದಕ್ಕೇ ನನಗೆ ಸಂಬಳ. ಅಂಥವಳ ಸ್ವಂತ ಕ್ಯಾಮೆರಾದ ಮೇಲೆಯೇ ಒಂದು ಕೆಂಪು ಚುಕ್ಕೆ. ಕಾರ್ಖಾನೆಯ ನಿಯಮದ ಪ್ರಕಾರ ಅದನ್ನು ಎಂದೋ ಗುಜರಿಗೆ ಹಾಕಬೇಕಿತ್ತು. ಹಾಕಿಲ್ಲ. ಮೂರು ದಸರಾ ಕಳೆದಿವೆ, ನಿಜ ಹೇಳಬೇಕೆಂದರೆ ಈಚೆಗೆ ಉಜ್ಜುವುದನ್ನೂ ಬಿಟ್ಟಿದ್ದೇನೆ.

ಈ ಕುಂಕುಮ ಅಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ಮೊದಲು ತಲೆಯ ವಿಷಯ ಹೇಳಬೇಕು.

ದಾಸರಹಳ್ಳಿಯಲ್ಲಿ ಗುರುಮೂರ್ತಿಗಳೆಂಬ ಹಿರಿಯರೊಬ್ಬರ ಸ್ಟುಡಿಯೋ ಇತ್ತು. ಪೀಣ್ಯದ ಅರ್ಧ ಜನರ ಕಾರ್ಖಾನೆ ಗುರುತಿನ ಚೀಟಿಯ ಮುಖಗಳು ಅವರ ಕೈಯಲ್ಲಿ ತಯಾರಾದವು. ಕಣ್ಣಿಗೆ ಪೊರೆ ಬಂದು, ಸ್ಟುಡಿಯೋ ಮುಚ್ಚುತ್ತೇನೆಂದು ಅವರು ಸಾಮಾನು ಮಾರತೊಡಗಿದಾಗ ನಾನು ಹೋದೆ. ನನ್ನ ಕಣ್ಣಿದ್ದದ್ದು ಅವರ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಮೇಲೆ. ಸಾಮಾನ್ಯ ಫಿಲ್ಮಿಗಿಂತ ಅಗಲವಾದ ಫಿಲ್ಮ್ ಹಾಕಿಸಿಕೊಂಡು, ಚಚ್ಚೌಕದ ಚಿತ್ರ ತೆಗೆಯುವ, ಇಟ್ಟಿಗೆಯಷ್ಟು ಗಾತ್ರದ ಇಟ್ಟಿಗೆಗಿಂತ ಭಾರದ ಯಂತ್ರ ಅದು. ಅದರ ವಿಶೇಷವೇನೆಂದರೆ, ನಾವು ಕಣ್ಣಿಟ್ಟು ನೋಡುವ ಭಾಗ, ಅಂದರೆ ವ್ಯೂಫೈಂಡರ್, ಪಾತ್ರೆಯ ಮುಚ್ಚಳದಂತೆ ಪೂರ್ತಿ ಕಳಚಿ ಬರುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು. ಗುರುಮೂರ್ತಿಗಳು ಅದನ್ನು ತಲೆ ಎನ್ನುತ್ತಿದ್ದರು.

"ನೋಡಮ್ಮಾ, ನನ್ ಹತ್ರ ಎರಡು ಮೈ ಇದೆ, ಎರಡು ತಲೆ ಇದೆ. ಮೈ ಎರಡೂ ಒಂದೇ, ತಲೆ ಬೇರೆ ಬೇರೆ. ಒಂದು ಸೆಟ್ಟು ನಿನಗೆ, ಇನ್ನೊಂದು ಮಾದನಾಯಕನಹಳ್ಳಿ ಮದುವೆ ಫೋಟೋಗ್ರಾಫರಿಗೆ. ನೀನು ಮೊದ್ಲು ಬಂದಿದೀಯ, ಆರಿಸ್ಕೋ."

ನಾನು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದೆ.

"ಈಗಲೇ ಹೇಳ್ಬೇಡ. ಒಂದು ಮೈ, ಎರಡೂ ತಲೆ ಮನೆಗೆ ತಗೊಂಡ್ಹೋಗು. ವಿಜಯದಶಮಿ ಸಾಯಂಕಾಲ ಒಂದು ವಾಪಸ್ ಬರ್ಬೇಕು. ಆಮೇಲೆ ಇದು ಬೇಡ ಅದು ಕೊಡಿ ಅಂದ್ರೆ ಆಗಲ್ಲ. ಇಂಥವು ಈಗ ಬೆಂಗಳೂರಲ್ಲೇ ಸಿಗಲ್ಲ."

ನನಗೆ ಅದುವರೆಗೆ ಬಂದಿದ್ದ ಒಂದೆರಡು ಮದುವೆ ಪ್ರಸ್ತಾಪಗಳಲ್ಲೂ ಇಷ್ಟು ಉದಾರವಾದ ಷರತ್ತು ಇರಲಿಲ್ಲ.

ಒಂದು ಪ್ರಿಸಂ ತಲೆ. ಕರ್ರಗೆ, ಗಟ್ಟಿಯಾಗಿ, ಮುಂದಲೆ ಉಬ್ಬಿಕೊಂಡು, ಹೋಟೆಲ್ ಗಲ್ಲಾದ ಮೇಲೆ ಕೂತ ಯಜಮಾನನ ಹಾಗಿತ್ತು. ಅದರ ಹಿಂದಿನ ಕಿಂಡಿಗೆ ಕಣ್ಣಿಟ್ಟರೆ ಲೋಕ ಹೇಗಿದೆಯೋ ಹಾಗೆಯೇ ಕಾಣುತ್ತದೆ. ಇನ್ನೊಂದನ್ನು ಗುರುಮೂರ್ತಿಗಳು ಬಾವಿ ಎನ್ನುತ್ತಿದ್ದರು. ಮುಚ್ಚಿದ್ದಾಗ ಅದು ಚಪ್ಪಟೆ ಮುಚ್ಚಳ. ಗುಂಡಿ ಒತ್ತಿದರೆ ನಾಲ್ಕು ಕಪ್ಪು ತಗಡಿನ ಗೋಡೆಗಳು ಟಪ್ಪೆಂದು ಎದ್ದು ನಿಲ್ಲುತ್ತವೆ. ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಒಳಗೆ ಇಣುಕಬೇಕು. ತಳದಲ್ಲಿ ಒಂದು ಮಸುಕು ಗಾಜು. ಅದರ ಮೇಲೆ ಎದುರಿಗಿದ್ದದ್ದೆಲ್ಲ ನೀರಿನಲ್ಲಿ ತೇಲಿದಂತೆ ಬಂದು ನಿಲ್ಲುತ್ತದೆ. ಒಂದೇ ಕಿತಾಪತಿ ಎಂದರೆ ಎಡ ಬಲಕ್ಕೂ ಬಲ ಎಡಕ್ಕೂ ಹೋಗಿರುತ್ತದೆ, ಕನ್ನಡಿಯಲ್ಲಿ ಆಗುವಂತೆ.

ನನ್ನ ತೀರ್ಮಾನ ಆ ಕ್ಷಣವೇ ಆಗಿಹೋಗಿತ್ತು. ಬಾವಿಯೇ ಬೇಕು. ಕಾರಣವನ್ನು ಯಾರಿಗೂ ಹೇಳಲಿಲ್ಲ, ಈಗ ನಿಮಗೆ ಹೇಳುತ್ತೇನೆ. ಬಾವಿಯಾದರೆ ತಲೆ ತಗ್ಗಿಸಿಕೊಂಡೇ ಇರಬಹುದು. ಯಾರ ಮುಖವನ್ನೂ ಮುಖ ಎತ್ತಿ ನೋಡಬೇಕಿಲ್ಲ.

ಚಿಕ್ಕಂದಿನಿಂದಲೂ ನನಗೆ ಮುಖದ ತೊಂದರೆ. ಅಂದರೆ, ಅದನ್ನು ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ದಾವಣಗೆರೆಯಲ್ಲಿ ವರ್ಷಕ್ಕೊಮ್ಮೆ ಅಪ್ಪ ನಮ್ಮನ್ನೆಲ್ಲ ಸ್ಟುಡಿಯೋಕ್ಕೆ ಕರೆದೊಯ್ಯುತ್ತಿದ್ದರು. ಹಿಂದೆ ಬಟ್ಟೆಯ ಮೇಲೆ ಬರೆದ ತಾಜಮಹಲು, ಮುಂದೆ ಪ್ಲಾಸ್ಟಿಕ್ ಹೂದಾನಿ. ಫೋಟೋದವನು ಕರಿಬಟ್ಟೆಯಿಂದ ಹೊರಬಂದು, "ಪಾಪು, ಇಲ್ಲಿ ನೋಡು" ಎನ್ನುವುದೇ ತಡ, ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಆಲ್ಬಮ್ಮಿನಲ್ಲಿ ನಾನು ಒಂದೋ ನಿದ್ದೆ ಮಾಡುತ್ತಿದ್ದೇನೆ, ಇಲ್ಲವೇ ಅಣ್ಣನ ಭುಜದ ಹಿಂದೆ ಒಂದು ಕಿವಿ ಮತ್ತು ಅರ್ಧ ರಿಬ್ಬನ್ ಆಗಿದ್ದೇನೆ. ನೆಂಟರು ಆಲ್ಬಂ ತಿರುವುವಾಗ ಅಮ್ಮ ಬೆರಳಿಟ್ಟು, "ಇದು ಸಣ್ಣಾಕಿ" ಎಂದು ಆ ರಿಬ್ಬನ್ನನ್ನು ಪರಿಚಯ ಮಾಡಿಸುತ್ತಿದ್ದಳು.

ಆಗ ಮನೆಯಲ್ಲಿ ನನಗೆ ತುಂಬ ಹೊಟ್ಟೆಕಿಚ್ಚಾಗುತ್ತಿದ್ದದ್ದು ಅಜ್ಜಿಯ ಮೇಲೆ. ಅಜ್ಜಿ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ಮನೆಯೇ ಪಿಸುಮಾತಿಗೆ ಇಳಿಯುತ್ತಿತ್ತು. ಎದೆಯ ಹತ್ತಿರ ಅಂಗೈ, ಅಂಗೈಯ ಮೇಲೆ ನೋಟ. ಹಾಲಿನವಳು ಬಂದರೂ ಕೇಳುವ ಹಾಗಿಲ್ಲ, ಅತ್ತೆಯರು ಜಗಳವಾಡಿದರೂ ತೀರ್ಪು ಕೇಳುವ ಹಾಗಿಲ್ಲ. ಭಕ್ತಿಯ ವಿಷಯ ನನಗೆ ಆಗ ಎಷ್ಟು ತಿಳಿಯುತ್ತಿತ್ತೋ ಕಾಣೆ. ಒಬ್ಬರು ತಲೆ ಬಗ್ಗಿಸಿ ಕೂತದ್ದಕ್ಕೆ ಯಾರೂ "ಯಾಕೆ ಮಾತಾಡೋದಿಲ್ಲ" ಎಂದು ಕೇಳದಿದ್ದ ಏಕೈಕ ಸಂದರ್ಭ ಅದು ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಸೂರ್ಯಗ್ರಹಣ ಬಂದಾಗಲೂ ಅಷ್ಟೇ. ಅಂಗಳದಲ್ಲಿ ಸಗಣಿ ನೀರಿನ ಬೋಗುಣಿ ಇಟ್ಟು, ಅದರಲ್ಲಿ ಸೂರ್ಯನನ್ನು ನೋಡಿ ಎನ್ನುತ್ತಿದ್ದರು. ಮೇಲಿರುವುದನ್ನು ಕೆಳಗೆ ನೋಡುವ ಆ ಉಪಾಯ ನನಗೆ ಬಹಳ ಹಿಡಿಸಿತ್ತು. ಸೂರ್ಯನ ವಿಷಯದಲ್ಲಿ ಸರಿಯಾದದ್ದು ನೆಂಟರ ವಿಷಯದಲ್ಲಿ ಯಾಕೆ ಆಗಬಾರದು?

ಹೀಗೆ ಬಾವಿಯ ಪರ ನನ್ನ ವಾದ ಬಲವಾಗಿಯೇ ಇತ್ತು. ಆದರೂ ಇನ್‌ಸ್ಪೆಕ್ಷನ್‌ನವಳು ಪರೀಕ್ಷೆ ಮಾಡದೆ ಒಪ್ಪಿಗೆ ಕೊಡಬಾರದಲ್ಲ.

ಬಾಗಲಗುಂಟೆಯಲ್ಲಿ ನಾನೂ ಅಮ್ಮನೂ ಒಂದು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಅಪ್ಪನಿಗೆ ಇನ್ನೂ ಊರಿನಲ್ಲಿ ಮೇಷ್ಟರ ಕೆಲಸ. ಭಾನುವಾರ ಬಾವಿಯನ್ನು ತೊಡಿಸಿಕೊಂಡು ಕೆಳಗಿಳಿದು, ಮನೆ ಓನರಮ್ಮನ ಎಮ್ಮೆಯ ಮುಂದೆ ನಿಂತೆ. ಎಮ್ಮೆ ಗಾಜಿನ ಬಲತುದಿಯಲ್ಲಿತ್ತು. ಅದನ್ನು ನಡುವಿಗೆ ತರಲು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದೆ; ಎಮ್ಮೆ ಗಾಜಿನಿಂದಲೇ ಹೊರಟುಹೋಯಿತು. ಎಡಕ್ಕೆ ಬಂದರೆ ಬಾಲ ಸಿಕ್ಕಿತು. ಮತ್ತೆ ಬಲಕ್ಕೆ ಹೋದೆ, ಬಾಲವೂ ಇಲ್ಲ. ನಿಂತಲ್ಲೇ ನಿಂತ ಎಮ್ಮೆಯನ್ನು ನಾನು ಹೀಗೆ ಅಟ್ಟಿಸಿಕೊಂಡು ಹೋಗುತ್ತಿರುವುದನ್ನು ಓನರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಯಾಕವ್ವಾ ಎಮ್ಮೆ ಪೋಟಾ? ಯಾರಿಗನ್ನಾ ತೋರ್ಸೀಯಾ? ನಾವು ಮಾರಕಿಲ್ಲ."

ಮೇಲೆ ಬಂದು ಬಾವಿ ತೊಟ್ಟ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟುಕೊಂಡು ಎಡಬಲದ ಅಭ್ಯಾಸ ಮಾಡುತ್ತ ಕೂತೆ. ಅಡುಗೆಮನೆಯಿಂದ ಬಂದ ಅಮ್ಮ ಸೌಟು ಹಿಡಿದು ಹಾಗೆಯೇ ನಿಂತಳು.

"ಏನೇ ಇದು, ಲಿಂಗಪೂಜೆಗೆ ಕುಂತಂಗೆ ಕುಂತೀಯಲ್ಲ. ನಿಮ್ಮಜ್ಜಿ ನೆಪ್ಪಾದ್ಲು ನೋಡು."

ಮರುದಿನ ಪ್ರಿಸಂ ತಲೆಯ ಸರದಿ. ಕಾರ್ಖಾನೆಯ ಅಕೌಂಟ್ಸ್ ವಿಭಾಗದ ಶೈಲಜಾಳನ್ನು ಊಟದ ಬಿಡುವಿನಲ್ಲಿ ಗೇಟಿನ ಬಳಿ ನಿಲ್ಲಿಸಿದೆ. ಶೈಲಜಾ ನನ್ನ ಗೆಳತಿ. ನಮ್ಮಿಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುವಷ್ಟು ಒಳ್ಳೆಯವಳು. ಚಿತ್ರವನ್ನು ಚೊಕ್ಕವಾಗಿ ಹಿಡಿದೆ. ಎಡ ಎಡಕ್ಕಿತ್ತು, ಬಲ ಬಲಕ್ಕಿತ್ತು. ಆದರೆ ಪೀಣ್ಯ ನಡುಗುವಂತೆ ನಗುವ ಶೈಲಜಾ ಗುರುತಿನ ಚೀಟಿಗೆ ನಿಂತವಳಂತೆ ಕತ್ತು ಬಿಗಿದುಕೊಂಡಿದ್ದಳು.

"ನಗು" ಎಂದೆ.

"ಯಾರನ್ನ ನೋಡಿ ನಗಲೇ? ನೀನೆಲ್ಲಿದೀಯ ಅಂತಾನೇ ಗೊತ್ತಾಗ್ತಿಲ್ಲ. ಕರೀ ಡಬ್ಬ ಮಾತಾಡ್ದಂಗಿದೆ ಕಣೇ."

ಆ ಮಾತನ್ನು ನಾನು ಅಲ್ಲಿಯೇ ಗಮನಿಸಬೇಕಿತ್ತು. ಗಮನಿಸಲಿಲ್ಲ. ಪ್ರಿಸಂ ಭಾರ, ಜನ ಬಿಗಿಯುತ್ತಾರೆ ಎಂದು ಮನಸ್ಸಿನಲ್ಲೇ ಎರಡು ದೋಷ ಬರೆದುಕೊಂಡು, ವಿಜಯದಶಮಿಯಂದು ಅದನ್ನೇ ಹಿಂದಿರುಗಿಸುವುದೆಂದು ನಿಶ್ಚಯಿಸಿದೆ.

ನಡುವೆ ಆಯುಧಪೂಜೆ ಬಂತು. ಪೀಣ್ಯದ ಆಯುಧಪೂಜೆಯನ್ನು ನೀವು ನೋಡಿರಬಹುದು. ಹಿಂದಿನ ದಿನವೆಲ್ಲ ಸೀಮೆಎಣ್ಣೆ, ಹತ್ತಿ ವೇಸ್ಟು ಹಿಡಿದು ಉಜ್ಜಾಟ. ಮಾರನೆಯ ಬೆಳಿಗ್ಗೆ ಲೇತು ಮಿಲ್ಲಿಂಗ್ ಯಂತ್ರಗಳೆಲ್ಲ ಬಾಳೆಕಂದು, ಬಣ್ಣದ ಕಾಗದ, ಸೇವಂತಿಗೆ ಹಾರ ತೊಟ್ಟು ಮದುವೆ ಮನೆಯ ಬೀಗರಂತೆ ಸಾಲಾಗಿ ನಿಂತಿರುತ್ತವೆ. ವರ್ಷವಿಡೀ ಎಣ್ಣೆ ಮಸಿ ಅಂಗಿಯಲ್ಲಿ ಕಾಣುವವರು ಇಸ್ತ್ರಿ ಮುರಿಯದಂತೆ ಕೈ ಅಗಲಿಸಿಕೊಂಡು ನಡೆಯುತ್ತಾರೆ. ಸಾಮಾನ್ಯವಾಗಿ ಹೊರಗಿನ ಫೋಟೋದವರು ಬರುತ್ತಿದ್ದರು. ಆ ವರ್ಷ ಯಜಮಾನರು, "ನಮ್ಮಲ್ಲೇ ಕ್ಯಾಮೆರಾ ಇದೆಯಂತಲ್ಲಮ್ಮ, ಗ್ರೂಪ್ ಫೋಟೋ ನೀವೇ ತೆಗೆದುಬಿಡಿ" ಎಂದಿದ್ದರು. ಇದು ಶೈಲಜಾಳ ಕೆಲಸವೆಂದು ಬೇರೆ ಹೇಳಬೇಕಿಲ್ಲ.

ಅಷ್ಟು ಜನರ ಎದುರಿಗೆ ಎಡಬಲದ ಗೊಂದಲ ಬೇಡವೆಂದು, ಆ ಒಂದು ದಿನದ ಮಟ್ಟಿಗೆ ಪ್ರಿಸಂ ತಲೆಯನ್ನೇ ಹಾಕಿ ಕ್ಯಾಮೆರಾವನ್ನು ಇನ್‌ಸ್ಪೆಕ್ಷನ್ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಪೂಜೆಗೆಂದು ಜೋಡಿಸಿದ ವರ್ನಿಯರ್, ಮೈಕ್ರೋಮೀಟರ್, ಗೇಜು ಮುಂತಾದ ಅಳತೆಯ ಸಾಮಾನುಗಳು. ಬಾವಿ ನನ್ನ ಚೀಲದಲ್ಲಿತ್ತು. ಕಡಲೆಪುರಿ ಹಂಚಲು ಹೋಗಿ ಬರುವಷ್ಟರಲ್ಲಿ ಪ್ರಿಸಂ ತಲೆಯ ಉಬ್ಬಿದ ಹಣೆಯ ಮೇಲೆ ಅಚ್ಚುಕಟ್ಟಾದ ಮೂರು ವಿಭೂತಿ ಪಟ್ಟೆ, ನಡುವೆ ಕುಂಕುಮ, ನೆತ್ತಿಯ ಮೇಲೊಂದು ಸೇವಂತಿಗೆ. ಎದುರಿಗೆ ಊದುಬತ್ತಿ ತಿರುಗಿಸುತ್ತ ನಮ್ಮ ಫೋರ್‌ಮನ್ ಮುನಿಯಪ್ಪ. ಆ ಕಡೆಯ ಹಳ್ಳಿಯವರೇ ಆದ ಮುನಿಯಪ್ಪ ಪ್ರತಿವರ್ಷದ ಪೂಜಾರಿ. ಆ ದಿನ ಅವರ ಮಾತಿಗೆ ಯಜಮಾನರದ್ದೂ ಎದುರಿಲ್ಲ.

"ನಿಮ್ಮನೇಲಿ ಮೂರು ಪಟ್ಟೆ ತಾನೆ ಮೇಡಂ? ಅದ್ಕೇ ಲೇತಿಗೆ ಇಕ್ದಂಗೆ ಇಕ್ನಿಲ್ಲ, ನಿಮ್ ಪದ್ದತೀಲೇ ಇಕ್ಕಿವ್ನಿ."

ಜಾರುತ್ತಿದ್ದ ಸೇವಂತಿಗೆಯನ್ನು ನೆಟ್ಟಗೆ ಮಾಡಿದೆ. ಮರುಕ್ಷಣ ಫೋಟೋ ನೆನಪಾಯಿತು.

"ಫೋಟೋ ತೆಗೀಬೇಕಲ್ಲ ಮುನಿಯಪ್ಪ."

"ಇವತ್ತಾ? ಪೂಜೆ ಆಗೋಯ್ತಲ್ಲ ಮೇಡಂ. ಇವತ್ತೆಲ್ಲಾ ಅದು ರೆಸ್ಟು. ನಾಳೀಕೆ ತಕ್ಕಳಿ."

ಸುದ್ದಿ ಹಬ್ಬಿತು. ನಾಳೆ ರಜೆ, ನಾಡಿದ್ದು ಮತ್ತೆ ಮಸಿ ಅಂಗಿ. ಯಜಮಾನರು ರೇಷ್ಮೆ ಅಂಗಿಯಲ್ಲಿ ಹೊರಬಂದರು. ಶೈಲಜಾ, "ಈ ಸೀರೆಗೆ ಬಳೆ ಹುಡುಕಕ್ಕೆ ಇಡೀ ಚಿಕ್ಕಪೇಟೆ ಸುತ್ತಿದೀನಿ ಮುನಿಯಪ್ಪ, ನನ್ ಶಾಪ ತಟ್ಟುತ್ತೆ ನಿಮಗೆ" ಎಂದಳು. ಅಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಳ್ಳತೊಡಗಿತು. ಅದಕ್ಕೂ ಕುಂಕುಮ ಬಿದ್ದಿತ್ತು. ಎತ್ತಬಹುದೇ ಎಂದು ಯಜಮಾನರು ಕಣ್ಣಲ್ಲೇ ಕೇಳಿದರು.

"ಎತ್ಕಳಿ ಸಾರ್. ನಾವ್ ರೆಸ್ಟ್ ಕೊಟ್ರೂ ಅದೇ ತಕ್ಕತಿಲ್ಲ."

ಫೋನಿಗೆ ವಿನಾಯಿತಿ ಸಿಕ್ಕಿದ್ದು ನೋಡಿ ನನಗೆ ಧೈರ್ಯ ಬಂತು. ಚೀಲದಿಂದ ಬಾವಿಯನ್ನು ತೆಗೆದು, ಇದಕ್ಕೆ ಇನ್ನೊಂದು ತಲೆ ಇದೆ ಎಂದೆ. ಮುನಿಯಪ್ಪ ಊದುಬತ್ತಿಯನ್ನು ಬಾಳೆಹಣ್ಣಿಗೆ ಸಿಕ್ಕಿಸಿ, ಕ್ಯಾಮೆರಾದ ಸುತ್ತ ಒಂದು ಸುತ್ತು ಬಂದು ನೋಡಿದರು.

"ನಾನು ಇಕ್ಕಿದ್ದು ತಲೆಗೆ. ಮೈ ಮುಟ್ಟೇ ಇಲ್ಲ. ಅಂಗಾದ್ರೆ ತಲೆ ರೆಸ್ಟ್ ಮಾಡ್ಲಿ, ಮೈ ಕೆಲ್ಸ ಮಾಡ್ಲಿ. ಇಂಗ್ ಮಾಡಾನ."

ಪ್ರಿಸಂ ತಲೆಯನ್ನು ಹೂವಿನ ಸಮೇತ ಕಳಚಿ ಮೈಕ್ರೋಮೀಟರುಗಳ ನಡುವೆ ಕೂರಿಸಿದರು. ನಾನು ಬಾವಿಯನ್ನು ತೊಡಿಸಿದೆ.

ಎಲ್ಲರೂ ಷೆಡ್ಡಿನ ಹೊರಗೆ ಸಾಲಾಗಿ ನಿಂತರು. ಮುಂದೆ ಯಜಮಾನರು, ಶೈಲಜಾ, ಪ್ಯಾಕಿಂಗಿನ ಹೆಂಗಸರು, ಹಿಂದೆ ಲೇತಿನವರು, ನಡುವೆ ಮುನಿಯಪ್ಪ. "ರೆಡಿ", "ನಗಿ", "ಈ ಕಡೆ" ಎನ್ನುವುದೆಲ್ಲ ಫೋಟೋದವರ ಧರ್ಮ. ನನಗೆ ಬಾಯಿ ಬರಲಿಲ್ಲ. ಕ್ಯಾಮೆರಾವನ್ನು ಅಂಗೈ ಮೇಲೆ ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಬಾವಿಯೊಳಗೆ ಇಳಿದೆ. ಅಲ್ಲಿ ಎಷ್ಟು ಹಾಯಾಗಿತ್ತೆಂದರೆ! ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಅಥವಾ ಹಾಗೆಂದು ನಾನು ತಿಳಿದಿದ್ದೆ. ಬೆಳಕಿನ ಲೆಕ್ಕ ಮರೆಯದಿರಲೆಂದು ತುಟಿಯಲ್ಲೇ, "ಎಂಟು, ನೂರಿಪ್ಪತ್ತೈದು, ಎಂಟು, ನೂರಿಪ್ಪತ್ತೈದು" ಎಂದು ಹೇಳಿಕೊಳ್ಳುತ್ತ ಫೋಕಸ್ ತಿರುಗಿಸಿದೆ.

ಮಸುಕು ಗಾಜು ತಿಳಿಯಾಯಿತು. ಆದರೆ ಅದರಲ್ಲಿ ಮುಖಗಳಿರಲಿಲ್ಲ. ಎಣ್ಣೆ ಹಚ್ಚಿ ತೆಗೆದ ಬೈತಲೆಗಳಿದ್ದವು, ಮಲ್ಲಿಗೆ ದಂಡೆಗಳಿದ್ದವು, ಯಜಮಾನರ ನುಣುಪಾದ ನೆತ್ತಿಯಿತ್ತು. ಸಾಲಿಗೆ ಸಾಲೇ ಕೈ ಮುಗಿದು, ಕಣ್ಣು ಮುಚ್ಚಿ, ತಲೆ ಬಗ್ಗಿಸಿ ನಿಂತಿತ್ತು. ಆಯುಧಪೂಜೆಯ ದಿನ, ಅಂಗೈಯಲ್ಲಿ ಯಂತ್ರ ಇಟ್ಟುಕೊಂಡು, ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತ ನಿಂತವಳನ್ನು ಕಂಡು ಅವರೆಲ್ಲ ಮೊದಲು ಕ್ಯಾಮೆರಾದ ಪೂಜೆ, ಆಮೇಲೆ ಫೋಟೋ ಎಂದುಕೊಂಡಿದ್ದರು. ಗಾಬರಿಯಲ್ಲಿ ನನ್ನ ಬೆರಳು ಗುಂಡಿ ಒತ್ತಿಬಿಟ್ಟಿತು. ಆ ಕ್ಯಾಮೆರಾದ ಸದ್ದು ಸಣ್ಣದಲ್ಲ, ಟ್ರಂಕಿನ ಮುಚ್ಚಳ ಬಿದ್ದಂತೆ ಠಪ್ಪೆನ್ನುತ್ತದೆ.

ಮುನಿಯಪ್ಪ ಒಂದು ಕಣ್ಣು ತೆರೆದರು. "ಆಯ್ತಾ ಮೇಡಂ? ಮಂಗಳಾರತಿ ಯಾವಾಗ?"

"ಪೂಜೆ ಅಲ್ಲ ಕಣ್ರೀ, ಅವಳು ಫೋಟೋ ತೆಗೀತಿರೋದು!" ಎಂದು ಶೈಲಜಾ ಕೂಗಿದಳು.

ಸಾಲು ಒಡೆಯಿತು. ಲೇತಿನವರು ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ಯಜಮಾನರು ಕೈ ಮುಗಿದಿದ್ದನ್ನೇ ಮರೆತು ಹಾಗೆಯೇ ನಗುತ್ತಿದ್ದರು. ಬಾವಿಯ ತಳದಲ್ಲಿ ಇಡೀ ಕಾರ್ಖಾನೆ ಎಡಬಲ ತಪ್ಪಿ ಕುಲುಕಾಡುತ್ತಿತ್ತು. ನಾನು ಹಿಡಿ ತಿರುಗಿಸಿ ಫಿಲ್ಮ್ ಮುಂದೆ ಸರಿಸಿ ಇನ್ನೊಂದು ತೆಗೆದೆ.

"ಇದೂ ಪಾಪ ದುಡೀತಲ್ಲ" ಎಂದು ಮುನಿಯಪ್ಪ ಬಂದು, ಮಡಚಿದ ಬಾವಿಯ ಮುಚ್ಚಳಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟರು. ಅದೇ ಈ ಕುಂಕುಮ. ಇಟ್ಟು, ತಮ್ಮ ದೊಡ್ಡ ಗುಟ್ಟನ್ನು ಹೇಳುವವರಂತೆ ದನಿ ತಗ್ಗಿಸಿದರು: "ನೀವು ನಗ್ತೀರ ಅಂತ ನಮ್ಗೆ ಗೊತ್ತೇ ಇರ್ನಿಲ್ಲ ಮೇಡಂ."

"ನಾನು ನಗಲಿಲ್ಲವಲ್ಲ."

"ನಗ್ಲಿಲ್ವಾ!" ಶೈಲಜಾ ಎಲ್ಲರಿಗೂ ಕೇಳುವಂತೆ ಶುರು ಮಾಡಿದಳು. "ಹುಬ್ಬು ಮೇಲೆ ಹೋಗುತ್ತೆ, ನಾಲಿಗೆ ತುದಿ ಹೊರಗೆ ಬರುತ್ತೆ, ಹುಣಸೆಹಣ್ಣು ಚೀಪೋ ಮಗು ಥರ. ಆಮೇಲೆ ಹಲ್ಲೆಲ್ಲಾ ಬಿಟ್ಕೊಂಡು ನಗ್ತಾ ಇದ್ದೆ. ನಾವೇನು ಕುರುಡ್ರೇನೇ? ಎದುರಿಗೇ ನಿಂತಿದ್ವಿ."

ನಾನು ಕಿವಿ ಕೆಂಪಗೆ ಮಾಡಿಕೊಂಡು ಇನ್‌ಸ್ಪೆಕ್ಷನ್ ರೂಮಿಗೆ ಬಂದು ಕೂತೆ. ಎದುರಿಗೆ ವಿಭೂತಿ ಬಳಿದುಕೊಂಡ ಪ್ರಿಸಂ ತಲೆ. ಅಳತೆಯಲ್ಲಿ ಇಷ್ಟು ದೊಡ್ಡ ತಪ್ಪನ್ನು ನಾನು ಕಾರ್ಖಾನೆಯಲ್ಲಿ ಎಂದೂ ಮಾಡಿರಲಿಲ್ಲ. ಮುಖ ಮುಚ್ಚುವುದು ಪ್ರಿಸಂ. ಕ್ಯಾಮೆರಾವೇ ಮುಖದ ಮುಂದೆ ಬಂದು ನಿಲ್ಲುತ್ತದೆ. ಬಾವಿ ಅದನ್ನು ಜಾತ್ರೆಗಿಟ್ಟ ಹಾಗೆ ಬಯಲಿಗಿಡುತ್ತದೆ. ಕಣ್ಣು ಮುಚ್ಚಿಕೊಂಡರೆ ಯಾರಿಗೂ ಕಾಣುವುದಿಲ್ಲವೆಂದು ಮಕ್ಕಳು ತಿಳಿಯುತ್ತಾರಲ್ಲ, ದಾವಣಗೆರೆಯ ಸ್ಟುಡಿಯೋದಿಂದ ಪೀಣ್ಯದವರೆಗೆ ನಾನು ಅಷ್ಟನ್ನೇ ತಿಳಿದುಕೊಂಡು ಬಂದಿದ್ದೆ.

ಹಾಗಾಗಿ ವಿಜಯದಶಮಿಯ ಸಾಯಂಕಾಲ ದಾಸರಹಳ್ಳಿಗೆ ಹೋಗುವಾಗ ತೀರ್ಮಾನ ತಿರುಗಿತ್ತು. ನನ್ನಂಥವಳಿಗೆ ಸರಿಯಾದದ್ದು ಪ್ರಿಸಂ. ಭಾರವಾದರೆ ಆಗಲಿ, ಜನ ಬಿಗಿದುಕೊಂಡರೆ ಬಿಗಿದುಕೊಳ್ಳಲಿ.

ಗುರುಮೂರ್ತಿಗಳ ಬೆಂಚಿನ ಮೇಲೆ ಮಾದನಾಯಕನಹಳ್ಳಿಯವರು ಆಗಲೇ ಬಂದು ಕೂತಿದ್ದರು. ದುಂಡಗಿನ, ಚಟುವಟಿಕೆಯ ಮನುಷ್ಯ. ನಾನು ಎರಡೂ ತಲೆಗಳನ್ನು ಮೇಜಿನ ಮೇಲಿಡುತ್ತಲೇ ಎದ್ದು ನಿಂತರು.

"ಮೇಡಂ, ಬಾವಿ ಒಂದು ನನ್ ಕೊರಳಿಗೆ ಕಟ್ಬೇಡಿ. ಮದುವೆ ಮನೇಲಿ ತಲೆ ತಗ್ಗಿಸ್ಕೊಂಡು ನಿಂತ್ರೆ ಹೆಣ್ಣು ಯಾರು, ಫೋಟೋಗ್ರಾಫರ್ ಯಾರು ಅಂತ ಗೊತ್ತಾಗಲ್ಲ."

"ಸುಮ್ನಿರಪ್ಪ, ಆ ಹುಡುಗಿ ಹೇಳ್ಲಿ" ಎಂದರು ಗುರುಮೂರ್ತಿಗಳು. ನಾನು ಬಾಯಿ ತೆರೆಯುವ ಮೊದಲೇ, "ರೋಲ್ ಮುಗಿಸಿದೀಯಾ? ಕೊಡು. ಫಲಿತಾಂಶ ನೋಡದೆ ಆರಿಸ್ಬಾರ್ದು" ಎಂದು ಕತ್ತಲೆ ಕೋಣೆಗೆ ಹೋದರು. ಫಿಲ್ಮ್ ತೊಳೆದು ಒಣಗುವವರೆಗೆ ನಾನೂ ಆ ಮದುವೆಯವರೂ ಬೆಂಚಿನ ಎರಡು ತುದಿಯಲ್ಲಿ ಕೂತು ಬನ್ನಿ ಎಲೆ, ಹಬ್ಬದ ಕೊಬ್ಬರಿ ಮಿಠಾಯಿ ಎಲ್ಲವನ್ನೂ ಸ್ವೀಕರಿಸಿದೆವು. ಅವರು ಪ್ರಿಸಂ ತಲೆಯನ್ನು ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ಕೊನೆಗೆ ಗುರುಮೂರ್ತಿಗಳು ಇನ್ನೂ ಹಸಿಯಾಗಿದ್ದ ಹಾಳೆ ಹಿಡಿದು ಬಂದರು. ಚಚ್ಚೌಕದ ಪುಟ್ಟ ಚಿತ್ರಗಳು. ನೆತ್ತಿಗಳ ಚಿತ್ರ ನೋಡಿ, "ಇದ್ಯಾವ ಆಶ್ರಮಮ್ಮಾ?" ಎಂದರು. ಮುಂದಿನದಕ್ಕೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು.

"ಇವರ್ಯಾರೂ ಲೆನ್ಸ್ ನೋಡ್ತಿಲ್ಲ."

ಹೌದು, ಯಾರೂ ನೋಡುತ್ತಿರಲಿಲ್ಲ. ಮುನಿಯಪ್ಪ, ಶೈಲಜಾ, ಕೈ ಮುಗಿದ ಯಜಮಾನರು, ಲೇತಿನವರು, ಅಷ್ಟೂ ಜನರ ಕಣ್ಣು ಲೆನ್ಸಿಗಿಂತ ಒಂದು ಮೊಳ ಮೇಲಿತ್ತು. ಅಷ್ಟೂ ಜನ ಒಂದೇ ಕಡೆ ನೋಡಿ, ಮನೆಯ ಮಗುವೊಂದು ಮೊದಲ ಸಲ ನಿಂತದ್ದನ್ನು ಕಂಡವರಂತೆ ನಗುತ್ತಿದ್ದರು.

"ಮೇಲೇನಿತ್ತು?" ಎಂದರು ಗುರುಮೂರ್ತಿಗಳು.

ಪ್ರಿಸಂ ತಲೆಯನ್ನು ಎತ್ತಿ ಮದುವೆಯವರ ಕೈಗೆ ಕೊಟ್ಟೆ. ಅವರು ಅದರ ಹಣೆ ನೋಡಿ, "ಅರೆ, ಪೂಜೆ ಬೇರೆ ಆಗಿದೆ!" ಎಂದು ಕಣ್ಣಿಗೊತ್ತಿಕೊಂಡು, ನಾನು ಮನಸ್ಸು ಬದಲಿಸುವ ಮೊದಲೇ ಸ್ಕೂಟರ್ ಹತ್ತಿದರು.

ಮನೆಗೆ ಬಂದು ಆ ಹಾಳೆಯನ್ನು ಅಮ್ಮನಿಗೆ ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ದೀಪದ ಹತ್ತಿರ ಹಿಡಿದು, ಅಭ್ಯಾಸದಂತೆ ಎಲ್ಲರ ಭುಜದ ಹಿಂದೆಯೂ ಹುಡುಕಿದಳು.

"ಎಲ್ಲಾರೂ ಚಂದ ಬಂದಾರೆ. ಇದ್ರಾಗೆ ನೀನೆಲ್ಲಿದೀಯೇ?"

"ಅವರೆಲ್ಲ ನೋಡ್ತಿದಾರಲ್ಲ, ಅಲ್ಲಿ" ಎಂದೆ.